ಅಳತೆ ಕಡ್ಡಿ

ಅಮೃತೂರಿನ ಆಚೆಗಿರುವ ತೋಟದ ಸಾಲಿನಲ್ಲಿ ಯಾರ ಚಪ್ಪಲಿ ಕಿತ್ತುಹೋದರೂ ಅವರು ಮೊದಲು ಬರುತ್ತಿದ್ದದ್ದು ಹನುಮಕ್ಕನ ಮನೆ ಜಗುಲಿಗೆ. ಹನುಮಕ್ಕ ತೆಂಗಿನ ಗರಿಯಿಂದ ಒಂದು ಕಡ್ಡಿ ಸೀಳಿ, ಬಂದವರ ಪಾದದ ಪಕ್ಕ ಇಟ್ಟು, ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ ಸರಿಯಾಗಿ ಚಟಕ್ಕನೆ ಮುರಿಯುತ್ತಿದ್ದಳು. ಪಾದ ಅಗಲವಾಗಿದ್ದರೆ ಅದೇ ಕಡ್ಡಿಯ ಮೇಲೆ ಉಗುರಿನಿಂದ ಒಂದು ಗೀಟು. ಯಾರದು ಯಾವುದೆಂದು ತಿಳಿಯಲು ತುದಿಗೆ ಒಂದೊಂದು ಬಣ್ಣದ ದಾರ. ಪಕ್ಕದ ಮನೆಯ ವನಜಮ್ಮನದು ಹಸಿರು, ತನ್ನ ಗಂಡ ಚಿಕ್ಕಬೋರಯ್ಯನದು ಬಿಳಿ, ಸೊಸೆ ಸಂಧ್ಯಾಳದು ಕೆಂಪು. ಗುರುವಾರ ಬೆಳಗ್ಗೆ ಈ ಕಡ್ಡಿಗಳ ಕಟ್ಟನ್ನು ಬ್ಯಾಗಿಗೆ ಸೇರಿಸಿ ಪ್ರೈವೇಟ್ ಬಸ್ಸು ಹತ್ತಿದಳೆಂದರೆ, ಸಾಯಂಕಾಲ ಎಲ್ಲರ ಕಾಲಿಗೂ ಅಳತೆ ಕೊಟ್ಟು ಹೊಲಿಸಿದಂಥ ಚಪ್ಪಲಿ ಬರುತ್ತಿದ್ದವು. ಹನುಮಕ್ಕ ತಂದ ಚಪ್ಪಲಿ ಬಿಗಿಯಾಯಿತು, ಸಡಿಲವಾಯಿತು ಎಂದವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಚಪ್ಪಲಿ ಕುಣಿಗಲ್‌ನಲ್ಲೂ ಸಿಗುತ್ತದಲ್ಲ, ಅದಕ್ಕೆ ತುಮಕೂರಿನವರೆಗೆ ಯಾಕೆ ಹೋಗಬೇಕು ಎಂದು ಕೇಳಿದವರುಂಟು. ಹನುಮಕ್ಕ ಅವರಿಗೆಲ್ಲ ಕುಣಿಗಲ್‌ನಲ್ಲಿ ಬಣ್ಣ ಸಾಲದು ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ, ಕುಣಿಗಲ್ ಬಹಳ ಬೇಗ ಬಂದುಬಿಡುತ್ತಿತ್ತು. ಕಿಟಕಿ ಪಕ್ಕದ ಸೀಟಿನಲ್ಲಿ ಸರಿಯಾಗಿ ಕೂತು ಸೆರಗು ಹೊದ್ದುಕೊಳ್ಳುವಷ್ಟರಲ್ಲೇ ಇಳಿಯಿರಿ ಇಳಿಯಿರಿ ಎಂದರೆ ಯಾರಿಗೆ ತಾನೇ ಸುಖ? ತುಮಕೂರಾದರೆ ಹಾಗಲ್ಲ. ಕುಣಿಗಲ್‌ನಲ್ಲಿ ಬಸ್ಸು ಬದಲಾಯಿಸಿ ಮತ್ತೊಂದು ಕಿಟಕಿ ಹಿಡಿಯಬಹುದು. ಇಳಿದ ಮೇಲೆ ಅಂಗಡಿ ಸುತ್ತಬಹುದು, ಬೇಕಾಗದ ಸಾಮಾನಿಗೂ ಚೌಕಾಸಿ ಮಾಡಬಹುದು, ಹೋಟೆಲಿನಲ್ಲಿ ಯಾರೋ ಹುಯ್ದ ಮಸಾಲೆ ದೋಸೆಯನ್ನು ಬಿಸಿಯಾಗಿ ತಿನ್ನಬಹುದು. ಮುಖ್ಯವಾಗಿ, ಅಲ್ಲಿ ಹಸುವಿನ ಕೂಗು ಕೇಳುವುದಿಲ್ಲ. ಹನುಮಕ್ಕ ವಾರವೆಲ್ಲ ಬದುಕುತ್ತಿದ್ದದ್ದೇ ಆ ಗುರುವಾರದ ಆಸೆಯಿಂದ. ಆದರೆ ಇದನ್ನು ಬಾಯಿಬಿಟ್ಟು ಹೇಳುವವಳಲ್ಲ. ಊರಿನವರ ಕಾಲಿಗಾಗಿ ತಾನು ಬಸ್ಸಿನಲ್ಲಿ ಜೀವ ತೇಯುತ್ತಿದ್ದೇನೆ ಎಂಬ ಮುಖ ಮಾಡಿಕೊಂಡೇ ಹೊರಡುತ್ತಿದ್ದಳು.

ಈ ಗುರುವಾರಕ್ಕೆ ಕುತ್ತು ಬಂದದ್ದು ಸೊಸೆಯ ಕಂಪ್ಯೂಟರಿನಿಂದ.

ಸಂಧ್ಯಾಳ ತವರು ಗುಬ್ಬಿ ಹತ್ತಿರದ ಒಂದು ಹಳ್ಳಿ. ಮದುವೆಗೆ ಮುಂಚೆ ದಿನಾ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಅನಂತರಾಜುವಿನ ಸ್ಟುಡಿಯೋದಲ್ಲಿ ಮದುವೆ ಆಲ್ಬಂಗಳನ್ನು ಡಿಸೈನ್ ಮಾಡುತ್ತಿದ್ದಳು. ಕೈ ಒಳ್ಳೆಯದು. ಧಾರೆಯ ಹೊತ್ತಿನಲ್ಲಿ ಕಣ್ಣು ಮುಚ್ಚಿದ ಮದುಮಗನಿಗೆ ಬೇರೆ ಫೋಟೋದಿಂದ ಕಣ್ಣು ತಂದು ಕೂರಿಸಿದರೆ ಅವನ ಹೆತ್ತ ತಾಯಿಗೂ ಗೊತ್ತಾಗುತ್ತಿರಲಿಲ್ಲ. ಅಂಥವಳನ್ನು ಬಿಡಲು ಮನಸ್ಸಿಲ್ಲದೆ ಅನಂತರಾಜು ಮದುವೆಯಾದ ಮೇಲೆ ತನ್ನ ಹಳೇ ಕಂಪ್ಯೂಟರನ್ನೇ ಅಮೃತೂರಿಗೆ ಸಾಗಹಾಕಿದ್ದ. ಮನೆಯಲ್ಲೇ ಕೂತು ಕೆಲಸ ಮಾಡು ಎಂದಿದ್ದ.

ಆ ಕಂಪ್ಯೂಟರೋ, ಮಹಾ ಮೈಗಳ್ಳ. ಸಂಧ್ಯಾ ಬೆಳಗ್ಗೆ ಅದರ ಗುಂಡಿ ಒತ್ತಿ, ಹಸು ಕರೆದು, ಡೈರಿಗೆ ಹಾಲು ಹಾಕಿ ಬಂದರೂ ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಒಂದು ಫೋಟೋ ತೆರೆದರೆ ಅದು ಹಣೆಯಿಂದ ಶುರುವಾಗಿ ಗಲ್ಲಕ್ಕೆ ಬರುವುದರೊಳಗೆ ಸಾರು ಕುದಿಯುತ್ತಿತ್ತು. ಕುಣಿಗಲ್‌ನ ಒಂದು ದೊಡ್ಡ ಮದುವೆಯ ಆಲ್ಬಂ ಹೀಗೆ ಅರ್ಧಕ್ಕೇ ನಿಂತು, ಕೊನೆಗೊಂದು ದಿನ ಅನಂತರಾಜುವಿನ ತಾಳ್ಮೆ ಕೆಟ್ಟಿತು. ಅವನ ಫೋನು ಬಂದಾಗ ಸಂಧ್ಯಾ ರಾಗಿ ಹಿಟ್ಟಿನ ಕೈಯಲ್ಲಿದ್ದಳು. ಸ್ಪೀಕರಿಗೆ ಹಾಕಿದ್ದರಿಂದ ಹನುಮಕ್ಕನಿಗೂ ಪೂರ್ತಿ ಕೇಳಿಸಿತು.

"ಹಿಂಗಾದ್ರೆ ಆಗಲ್ಲ ಸಂಧ್ಯಾ. ಪಾರ್ಟಿ ದಿನಾ ಫೋನ್ ಮಾಡಿ ತಲೆ ತಿಂತಾವ್ರೆ. ಈಗ ತುಮಕೂರಿನ ಶೆಟ್ಟಿಹಳ್ಳೀಲಿ ಬ್ರಾಂಚ್ ಮಾಡಿದೀನಿ, ಒಳ್ಳೆ ಸಿಸ್ಟಮ್ ಐತೆ. ದಿನಾ ಬಂದು ಅಲ್ಲೇ ಕೂತ್ಕೊಂಡು ಮಾಡು. ಇಲ್ಲ ಅಂದ್ರೆ ಆ ಡಬ್ಬಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸ್ಕೊಂಡು ಸ್ಪೀಡ್ ಮಾಡ್ಕೋ. ಎರಡರಲ್ಲಿ ಒಂದು."

"ಬರ್ತೀನಿ ಬಿಡಿ ಸಾರ್, ಅದಕ್ಕೇನು," ಎಂದಳು ಸಂಧ್ಯಾ, ಎರಡನೆಯದರ ಬಗ್ಗೆ ಒಂದು ಮಾತೂ ಆಡದೆ.

ಹನುಮಕ್ಕ ಲೆಕ್ಕ ಹಾಕಿದಳು. ಸೊಸೆ ದಿನಾ ಬೆಳಗ್ಗೆ ಬಸ್ಸು ಹತ್ತಿದರೆ ಎರಡು ಹಸುಗಳನ್ನು ನೋಡುವವರು ಯಾರು? ಮಗ ಕೃಷ್ಣಕುಮಾರ್ ಕುಣಿಗಲ್‌ನ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದ. ಬೆಳಗ್ಗೆ ಬೈಕು ಹತ್ತಿದರೆ ಕತ್ತಲಾದ ಮೇಲೆ ಬರುವವನು. ಗಂಡ ಚಿಕ್ಕಬೋರಯ್ಯ ಚೊಂಬು ಹಿಡಿದು ಹತ್ತಿರ ಹೋದರೆ ಸಾಕು, ಹಸು ಒದೆಯುತ್ತಿತ್ತು; ಅವನು ಮನುಷ್ಯರ ಜೊತೆ ಮಾತಾಡುವ ರೀತಿಯಲ್ಲೇ ಹಸುವಿನ ಜೊತೆಗೂ ಮಾತಾಡುತ್ತಿದ್ದ. ಹಾಗಾದರೆ ಉಳಿದದ್ದು ತಾನೊಬ್ಬಳೇ. ಬೆಳಗ್ಗೆ ಹಾಲು, ಮಧ್ಯಾಹ್ನ ಹುಲ್ಲು, ಸಾಯಂಕಾಲ ಮತ್ತೆ ಹಾಲು. ಗುರುವಾರ ಹೋಯಿತು. ಇನ್ನು ಗುರುವಾರವೂ ಬುಧವಾರದ ಹಾಗೇ ಇರುತ್ತದೆ ಎನ್ನಿಸಿ ಅವಳಿಗೆ ಅಳುವೇ ಬಂತು. ಅತ್ತರೆ ಕಾರಣ ಹೇಳಬೇಕಾಗುತ್ತದೆಂದು ಅಳಲಿಲ್ಲ.

"ಆ ಎಸ್‌ಎಸ್‌ಡಿ ಅಂದ್ರೇನಮ್ಮ?" ಎಂದು ಕೇಳಿದಳು, ಏನೂ ತಿಳಿಯದವಳ ಹಾಗೆ.

"ಹಳೇ ಹಾರ್ಡ್ ಡಿಸ್ಕು ಒಳಗೆ ತಿರುಗ್ತಾ ಹುಡುಕ್ತದೆ ಅತ್ತೆ, ಅದಕ್ಕೇ ನಿಧಾನ. ಎಸ್‌ಎಸ್‌ಡೀಲಿ ತಿರುಗೋದೇ ಇಲ್ಲ, ಕೇಳಿದ ತಕ್ಷಣ ಕೊಡ್ತದೆ."

"ಮತ್ತೆ ತರೋಣ ಬುಡು ಒಂದು."

"ಸುಮ್ನೆ ತರೋಕಾಗಲ್ಲ. ನಮ್ಮ ಮದರ್‌ಬೋರ್ಡಿಗೆ ಯಾವುದು ಹೊಂದ್ತದೆ ಅಂತ ನೋಡ್ಬೇಕು." ಸಂಧ್ಯಾ ಪೆಟ್ಟಿಗೆಯ ಮಗ್ಗುಲಿನ ಬಾಗಿಲು ತೆಗೆದು, ಹಸಿರು ಹಲಗೆಯ ಮೇಲಿದ್ದ ಒಂದು ಸಣ್ಣ ಸಂದು ತೋರಿಸಿದಳು. "ಇಲ್ಲಿ ಹಾಕೋದು. ಬಳಪದ ಕಡ್ಡಿಗಿಂತ ಸ್ವಲ್ಪ ಅಗಲ, ತೆಳ್ಳಗೆ ಇರ್ತದೆ. ಬೋರ್ಡಿನ ಹೆಸರು ನೋಡಿ, ಇಂಟರ್ನೆಟ್ಟಲ್ಲಿ ಅದರ ಬುಕ್ಕು ತೆಗೆದು ಓದ್ಬೇಕು."

"ನೋಡು ಮತ್ತೆ."

"ನೋಡ್ತೀನಿ ಬಿಡಿ."

ನೋಡಲಿಲ್ಲ. ಮಾರನೆಯ ದಿನವೂ ನೋಡಲಿಲ್ಲ. ಹನುಮಕ್ಕ ನೆನಪಿಸಿದಾಗಲೆಲ್ಲ ಸೊಸೆಗೆ ಪಾತ್ರೆಯೋ ಬಟ್ಟೆಯೋ ನೆನಪಾಗುತ್ತಿತ್ತು. ಈಗಿನ ಕಾಲದ ಹುಡುಗಿಯರಿಗೆ ಯಾವುದರಲ್ಲೂ ಶ್ರದ್ಧೆ ಇಲ್ಲ ಎಂದುಕೊಂಡ ಹನುಮಕ್ಕ, ಸಂಧ್ಯಾ ಡೈರಿಗೆ ಹೋದ ಹೊತ್ತು ನೋಡಿ ತಾನೇ ಕೈ ಹಾಕಿದಳು. ಪ್ಲಗ್ಗು ಕಿತ್ತಿದೆಯೆಂದು ಖಾತ್ರಿ ಮಾಡಿಕೊಂಡಳು. ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಒಂದು ಹಸನಾದ ಕಡ್ಡಿ ಆರಿಸಿ, ಸಂದಿನ ಬಾಯಿಯಿಂದ ಆಚೆ ತುದಿಯ ಸ್ಕ್ರೂ ತೂತಿನವರೆಗೆ ಇಟ್ಟು ಚಟಕ್ಕನೆ ಮುರಿದಳು. ಸಂದು ಎಷ್ಟು ಅಗಲವೆಂದು ಉಗುರಿನಿಂದ ಗೀಟು ಹಾಕಿದಳು. ಮಗುವಿನ ಬಾಯಿ ನೋಡುವಂತೆ ಬಗ್ಗಿ ನೋಡಿದರೆ, ಸಂದಿನೊಳಗೆ ಒಂದು ಸಣ್ಣ ಹಲ್ಲಿತ್ತು. ಅದಕ್ಕೂ ಒಂದು ಗೀಟು.

ಹಲಗೆಯ ನಡುವೆ ಬಿಳಿ ದಪ್ಪಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಸೊಸೆ ಹೇಳಿದ ಹೆಸರು ಅದೇ ಇರಬೇಕು. ಹನುಮಕ್ಕ ಅದನ್ನು ನೋಡಿಯೂ ನೋಡದ ಹಾಗೆ ಬಿಟ್ಟಳು. ಪಾದದ ಅಳತೆ ಸಿಕ್ಕಿದ ಮೇಲೆ ಪಾದದವರ ಹೆಸರು ಕಟ್ಟಿಕೊಂಡು ಚಪ್ಪಲಿ ಅಂಗಡಿಯವನಿಗೇನಾಗಬೇಕು?

ಕಡ್ಡಿಗೆ ಹಳದಿ ದಾರ ಕಟ್ಟಿದಳು. ಹಳದಿ ಆವರೆಗೆ ಯಾರಿಗೂ ಕೊಟ್ಟಿರಲಿಲ್ಲ.

ಆ ಗುರುವಾರ ತುಮಕೂರಿನಲ್ಲಿ ದೋಸೆ ಕೂಡ ತಿನ್ನದೆ ಹನುಮಕ್ಕ ಕಂಪ್ಯೂಟರ್ ಅಂಗಡಿ ಹುಡುಕಿದಳು. ಚಪ್ಪಲಿ ಅಂಗಡಿಯವನು ಸದಾಶಿವನಗರದ ಕಡೆ ಕಾಂತೇಶ್ ಎಂಬುವವನ ಅಂಗಡಿ ಇದೆ, ಮೋಸವಿಲ್ಲ ಎಂದ. ಗಾಜಿನ ಬಾಗಿಲಿನ ಸಣ್ಣ ಅಂಗಡಿ. ಕಾಂತೇಶ್ ಒಂದು ಲ್ಯಾಪ್‌ಟಾಪನ್ನು ಅಂಗಾತ ಮಲಗಿಸಿಕೊಂಡು ಅದರ ಹೊಟ್ಟೆ ಬಿಚ್ಚುತ್ತಿದ್ದ.

"ಏನ್ ಬೇಕಿತ್ತು ಅಜ್ಜಿ?"

"ಅಜ್ಜಿ ನಿಮ್ಮನೇಲಿರ್ತಾರೆ. ನಂಗೆ ಎಸ್‌ಎಸ್‌ಡಿ ಬೇಕು."

ಕಾಂತೇಶ್ ಸ್ಕ್ರೂಡ್ರೈವರ್ ಕೆಳಗಿಟ್ಟ. "ಸಾರಿ ಅಮ್ಮ. ಯಾವ ಬೋರ್ಡಿಗೆ?"

"ಹಸಿರು ಬೋರ್ಡು."

"ಎಲ್ಲಾ ಹಸಿರೇ ಇರ್ತವೆ. ಕಂಪನಿ ಯಾವುದು, ಮಾಡೆಲ್ ಯಾವುದು?"

"ಗುಬ್ಬಿ ಅನಂತರಾಜುದು."

"ಅದು ಓನರ್ ಹೆಸರು ಅಮ್ಮ. ಹೋಗ್ಲಿ, ಅದರಲ್ಲಿ ಎರಡು ಜಾತಿ ಇವೆ, ಸಾಟಾ ಬೇಕಾ, ಎನ್‌ವಿಎಂಇ ಬೇಕಾ?"

ಹನುಮಕ್ಕ ಹೆಚ್ಚು ಮಾತಾಡಲಿಲ್ಲ. ಬ್ಯಾಗಿನಿಂದ ಹಳದಿ ದಾರದ ಕಡ್ಡಿ ತೆಗೆದು ಗಾಜಿನ ಮೇಲಿಟ್ಟಳು. ಕಾಂತೇಶ್ ಮೊದಲು ಕಡ್ಡಿ ನೋಡಿದ, ಆಮೇಲೆ ಅವಳ ಮುಖ ನೋಡಿದ, ಆಮೇಲೆ ನಗು ತಡೆಯಲು ಕೆಮ್ಮಿದ. ಆದರೂ ಕುತೂಹಲ ತಡೆಯಲಾರದೆ ಶೋಕೇಸಿನಿಂದ ಒಂದು ಎಸ್‌ಎಸ್‌ಡಿ ತೆಗೆದು ಕಡ್ಡಿಯ ಪಕ್ಕ ಮಲಗಿಸಿದ. ತಲೆಗೆ ತಲೆ, ಬುಡಕ್ಕೆ ಬುಡ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಗಲದ ಗೀಟೂ ಸರಿ. ಅವನ ಕೆಮ್ಮು ನಿಂತಿತು.

"ಕರೆಕ್ಟಾಗಿದೆಯಲ್ಲ ಅಮ್ಮ ಇದು!"

"ಮತ್ತೆ? ಇನ್ನೇನಂದ್ಕೊಂಡಿದ್ದೆ?"

ಅವನು ಫೋನು ತೆಗೆದು ಕಡ್ಡಿ ಮತ್ತು ಎಸ್‌ಎಸ್‌ಡಿ ಎರಡನ್ನೂ ಜೊತೆಗಿಟ್ಟು ಫೋಟೋ ಹೊಡೆದುಕೊಂಡ. ಆಮೇಲೆ ಇನ್ನೊಂದು ಬಗೆಯದನ್ನೂ ತಂದು ಪಕ್ಕಕ್ಕಿಟ್ಟ. ಉದ್ದ ಒಂದೇ, ಅಗಲ ಒಂದೇ. ಒಂದರ ಅಂಚಿನಲ್ಲಿ ಒಂದು ಕಚ್ಚು, ಇನ್ನೊಂದರಲ್ಲಿ ಎರಡು.

"ನೋಡಿ, ಒಂದು ಕಚ್ಚಿಂದು ಎನ್‌ವಿಎಂಇ. ಎರಡು ಕಚ್ಚಿಂದು ಸಾಟಾ."

"ನಮ್ಮ ಸಂದೀಗೆ ಯಾವುದು ಕೂರ್ತದೆ?"

"ಕೂರೋದು ಎರಡೂ ಕೂರ್ತವೆ. ಆದ್ರೆ ಕೂತ ಮೇಲೆ ಬೋರ್ಡು ಒಪ್ಕೋಬೇಕಲ್ಲ. ಕೆಲವು ಬೋರ್ಡು ಒಂದನ್ನ ಒಪ್ತವೆ, ಇನ್ನೊಂದನ್ನ ಒಪ್ಪಲ್ಲ. ಕೆಲವದ್ರಲ್ಲಿ ಸಾಟಾ ಹಾಕಿದ್ರೆ ವೈರು ಚುಚ್ಚೋ ಬೇರೆ ಒಂದು ಪೋರ್ಟ್ ಆಫ್ ಆಗೋಗ್ತದೆ. ಮನೆಗೊಂದು ಫೋನ್ ಮಾಡಿ ಬೋರ್ಡ್ ಹೆಸರು ಕೇಳಿಬಿಡಿ, ನಾನು ಇಲ್ಲೇ ಚೆಕ್ ಮಾಡ್ತೀನಿ."

ಇಲ್ಲೇ ಹನುಮಕ್ಕ ಎಡವಿದ್ದು. ಫೋನು ಸೆರಗಿನ ಗಂಟಿನಲ್ಲೇ ಇತ್ತು. ಆದರೆ ಅಂಗಡಿಯಲ್ಲಿ ನಿಂತು, ನಿನ್ನ ಕಾಲು ಎಷ್ಟುದ್ದ ಎಂದು ಮನೆಗೆ ಫೋನು ಮಾಡಿ ಕೇಳಿದ ದಿನ ಅವಳ ಬದುಕಿನಲ್ಲಿರಲಿಲ್ಲ. ಕೇಳಿದರೆ ಕಡ್ಡಿಯ ಮರ್ಯಾದೆ ಏನಾಗಬೇಕು? ಬೆಳೆಯುವ ಮಕ್ಕಳಿಗೆ ಯಾವಾಗಲೂ ಒಂದು ಬೆರಳು ಹೆಚ್ಚಿನ ಚಪ್ಪಲಿ ತರುವವಳು ಅವಳು. ಅದೇ ಲೆಕ್ಕದಲ್ಲಿ ಯೋಚಿಸಿದಳು.

"ಎರಡು ಕಚ್ಚಿಂದೇ ಕೊಡು. ಒಂದು ಹಿಡೀದಿದ್ರೆ ಇನ್ನೊಂದು ಹಿಡೀತದೆ."

"ಕಚ್ಚು ಹಾಗಲ್ಲ ಅಮ್ಮ..."

"ಕೂರ್ತದೆ ಅಂದ್ಯಲ್ಲಪ್ಪ. ಕಟ್ಕೊಡು."

"ಕವರ್ ಒಡೆದ ಮೇಲೆ ವಾಪಸ್ ತಗೊಳ್ಳಲ್ಲ. ಈಗಲೇ ಹೇಳಿದೀನಿ."

"ನಾನು ಒಯ್ದಿದ್ದು ಇವತ್ತಿನವರೆಗೂ ವಾಪಸ್ ಬಂದಿಲ್ಲ," ಎಂದು ಹನುಮಕ್ಕ ಡೈರಿಯಿಂದ ಬಂದ ತನ್ನ ದುಡ್ಡು ಕೊಟ್ಟು, ಎದೆ ಮುಂದೆ ಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಕಿಟಕಿ ಪಕ್ಕದ ಸೀಟಿನಲ್ಲಿ ಕೂತಾಗ ಆ ಪುಟ್ಟ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು. ತನ್ನ ಗುರುವಾರಗಳೆಲ್ಲ ಅದರೊಳಗೆ ಭದ್ರವಾಗಿವೆ ಎನ್ನಿಸಿತು.

ಮನೆಗೆ ಬಂದು ಡಬ್ಬಿ ಮುಂದಿಟ್ಟಾಗ ಸಂಧ್ಯಾಳ ಮುಖ ಒಂದು ಗಳಿಗೆ ಇಳಿದುಹೋಯಿತು. ಹುಡುಗಿ ಸಂತೋಷಕ್ಕೆ ಮಾತು ಕಳೆದುಕೊಂಡಿದ್ದಾಳೆ ಎಂದುಕೊಂಡಳು ಹನುಮಕ್ಕ.

"ಬೋರ್ಡಿನ ಹೆಸರು ಏನಂತ ಹೇಳಿದ್ರಿ ಅತ್ತೆ?"

"ನಾನೆಲ್ಲಿ ಹೇಳ್ದೆ? ಕಡ್ಡಿ ಹೇಳ್ತು. ಹಾಕು ಹಾಕು."

ಸಂಧ್ಯಾ ಹಾಕಿದಳು. ಚಿಕ್ಕಬೋರಯ್ಯ ಮಂಚದ ಮೇಲಿಂದ ಕತ್ತು ಚಾಚಿ ನೋಡುತ್ತಿದ್ದ. ಎಸ್‌ಎಸ್‌ಡಿ ಸಂದಿನೊಳಗೆ ಸುಖವಾಗಿ ಇಳಿಯಿತು. ಆಚೆ ತುದಿ ಸ್ಕ್ರೂ ತೂತಿನ ಮೇಲೆ ಸರಿಯಾಗಿ ಬಂದು ನಿಂತಿತು. ಹನುಮಕ್ಕ ಗಂಡನ ಕಡೆ ತಿರುಗಿ ಹೇಗಿದೆ ಎಂಬಂತೆ ಹುಬ್ಬು ಹಾರಿಸಿದಳು.

"ಅಳತೆ ಅಂದ್ರೆ ಅಳತೆ ಕಣೇ," ಎಂದ ಚಿಕ್ಕಬೋರಯ್ಯ.

ಸಂಧ್ಯಾ ಗುಂಡಿ ಒತ್ತಿದಳು. ತೆರೆ ಕಪ್ಪಾಗಿತ್ತು. ಎಂದಿನ ಚಕ್ರ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದು ಸಾಲು ಬಿಳಿ ಇಂಗ್ಲಿಷ್ ಅಕ್ಷರ ಬಂದು ಅಲ್ಲೇ ನಿಂತುಬಿಟ್ಟಿತು.

"ಏನಂತೆ ಅದು?"

"ಶುರು ಮಾಡೋಕೆ ಡಿಸ್ಕ್ ಸಿಗ್ತಿಲ್ಲ ಅಂತಿದೆ." ಸಂಧ್ಯಾ ಕೀಲಿಮಣೆಯಲ್ಲಿ ಏನೇನೋ ಒತ್ತಿ ಇನ್ನೊಂದು ನೀಲಿ ಪುಟ ತೆರೆದಳು. ಅವಳ ದನಿ ಸಣ್ಣಗಾಯಿತು. "ಹೊಸದು ಕಾಣ್ತಿದೆ ಅತ್ತೆ. ಹಳೇದೇ ಕಾಣ್ತಿಲ್ಲ."

"ಹಳೇದು ಅಲ್ಲೇ ಬಿದ್ದೈತಲ್ಲ, ಕಣ್ಣೆದುರಿಗೆ!"

"ಕಣ್ಣೆದುರಿಗಿದೆ. ಕಂಪ್ಯೂಟರಿಗೆ ಕಾಣ್ತಿಲ್ಲ. ಕುಣಿಗಲ್ ಮದುವೆ ಫೋಟೋ ಎಲ್ಲಾ ಅದರಲ್ಲೇ ಇರೋದು. ಅನಂತರಾಜು ಸಾರ್ ಕ್ಯಾಮೆರಾ ಕಾರ್ಡೆಲ್ಲ ಅಳಿಸಿ ಬೇರೆ ಮದುವೆಗೆ ತಗೊಂಡು ಹೋಗಿದಾರೆ."

ಯಾರದೋ ಮನೆಯ ಮದುವೆ. ಅರಿಶಿನ, ಧಾರೆ, ಊಟದ ಪಂಕ್ತಿ, ಹೆಣ್ಣು ಒಪ್ಪಿಸುವಾಗ ಅತ್ತ ತಾಯಿ, ಎಲ್ಲವನ್ನೂ ತನ್ನೊಂದು ಕಡ್ಡಿ ನುಂಗಿ ನೀರು ಕುಡಿಯಿತಲ್ಲ ಎಂದು ಹನುಮಕ್ಕನಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ಅವಮಾನವಾಯಿತು.

"ತೆಗೆದುಬುಡಮ್ಮ ಅದನ್ನ. ಮೊದಲು ತೆಗಿ."

ಸಂಧ್ಯಾ ಕಂಪ್ಯೂಟರ್ ಆರಿಸಿ, ಹೊಸದನ್ನು ತೆಗೆದು, ಮತ್ತೆ ಗುಂಡಿ ಒತ್ತಿ ನೋಡಿದಳು. ಹಳೇ ಚಕ್ರ ಎಂದಿನ ಸೋಮಾರಿತನದಿಂದ ತಿರುಗತೊಡಗಿತು. ಹನುಮಕ್ಕ ಆ ಚಕ್ರವನ್ನು ಕಂಡು ಮೊದಲ ಸಲ ಕೈ ಮುಗಿದಳು. ಆದರೆ ಹೊಸದನ್ನು ಕೂರಿಸಿದರೆ ಮತ್ತೆ ಹಳೇದು ಮಾಯ. ತೆಗೆದರೆ ಹಾಜರು. ಕೂರಿಸಿದರೆ ಮಾಯ.

"ಸೊಸೆ ಒಳಕ್ಕೆ ಬಂದ್ಲು, ಅತ್ತೆ ಹೊರಕ್ಕೆ ಹೋದ್ಲು," ಎಂದು ಚಿಕ್ಕಬೋರಯ್ಯ ಮಂಚದಿಂದ ನಕ್ಕ. ಇಬ್ಬರು ಹೆಂಗಸರೂ ಒಟ್ಟಿಗೇ ತಿರುಗಿ ಅವನನ್ನು ನೋಡಿದರು. ಅವನಿಗೆ ತೋಟದಲ್ಲಿ ನೀರು ಕಟ್ಟುವುದು ನೆನಪಾಯಿತು.

ಕೊನೆಗೆ ಹನುಮಕ್ಕ ಸೆರಗಿನ ಗಂಟು ಬಿಚ್ಚಿ, ಡಬ್ಬಿಯ ಮೇಲಿದ್ದ ಅಂಗಡಿ ನಂಬರಿಗೆ ಫೋನು ಮಾಡಿದಳು. ಹಳದಿ ದಾರದ ಕಡ್ಡಿ ತಂದಿದ್ದೆನಲ್ಲ ಎಂದು ಗುರುತು ಹೇಳಿದಳು.

"ಯಾರು, ಕಡ್ಡಿ ಅಮ್ಮನಾ?" ಎಂದ ಕಾಂತೇಶ್. "ನಿಮ್ಮ ಕಡ್ಡಿ ನನ್ನ ಸ್ಟೇಟಸ್ಸಲ್ಲಿದೆ! ಎಲ್ಲಾರೂ ಕೇಳ್ತಾವ್ರೆ. ಏನಾಯ್ತು, ಕೂತ್ಕೊಳ್ತಾ?"

"ಕೂತ್ಕೊಳ್ತು ಕಣಪ್ಪ. ಹಳೇದನ್ನ ಎಬ್ಬಿಸ್ಬುಡ್ತು."

"ಆ ಬೋರ್ಡ್ ಹೆಸರು ಈಗಲಾದ್ರೂ ಹೇಳ್ತೀರಾ?"

ಸಂಧ್ಯಾ ಮೊಬೈಲ್ ಟಾರ್ಚ್ ಹಿಡಿದು ಹಲಗೆಯ ಮೇಲಿನ ಬಿಳಿ ಅಕ್ಷರಗಳನ್ನು ಓದಿದಳು. ಆಚೆ ಕಡೆ ಕಾಂತೇಶ್ ಟಕಟಕ ಒತ್ತುವ ಸದ್ದು ಕೇಳಿಸಿತು. ಆಮೇಲೆ ಅವನು ನಕ್ಕ.

"ಏನೂ ಆಗಿಲ್ಲ, ಹೆದರ್ಬೇಡಿ. ಬುಕ್ಕಲ್ಲೇ ಬರೆದವ್ರೆ. ಆ ಸಂದೀಗೂ ಎರಡನೇ ಪೋರ್ಟಿಗೂ ಒಂದೇ ಲೈನು. ಸಂದೀಲಿ ಸಾಟಾ ಬಂದು ಕೂತ್ರೆ ಎರಡನೇ ಪೋರ್ಟು ಆಫ್. ನಿಮ್ಮ ಹಳೇ ಡಿಸ್ಕಿನ ವೈರು ಎರಡನೇದ್ರಲ್ಲೇ ಇರ್ಬೇಕು ನೋಡಿ. ಅದನ್ನ ಕಿತ್ತು ಪಕ್ಕದ್ದಕ್ಕೆ ಚುಚ್ಚಿ. ಇಬ್ರೂ ಇರ್ತಾರೆ."

"ಅಷ್ಟೇನಾ?"

"ಅಷ್ಟೇ. ಹೆಸರು ಕೇಳಿದ್ದಿದ್ರೆ ಇಲ್ಲೇ ಹೇಳ್ತಿದ್ದೆ."

ಕೊನೆಯ ಮಾತು ಕೇಳಿಸದವಳಂತೆ ಹನುಮಕ್ಕ ಫೋನಿಟ್ಟಳು. ಸಂಧ್ಯಾ ಟಾರ್ಚ್ ಹಿಡಿದಳು, ಹನುಮಕ್ಕ ತಾನೇ ಬೆರಳು ತೂರಿಸಿ ಕೆಂಪು ವೈರನ್ನು ಕಿತ್ತು ಪಕ್ಕದ ಪೋರ್ಟಿಗೆ ಒತ್ತಿದಳು. ಗುಂಡಿ ಒತ್ತಿದರೆ ಹೊಸದೂ ಇತ್ತು, ಹಳೇದೂ ಇತ್ತು. ಹೊತ್ತು ಹಿಡಿದರೂ ಕುಣಿಗಲ್‌ನ ಮದುಮಗಳು ಹಣೆಯಿಂದ ಗಲ್ಲದವರೆಗೆ ಪೂರ್ತಿ ತೆರೆಯ ಮೇಲೆ ಬಂದಳು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು.

ಶುಕ್ರವಾರ ಸಂಧ್ಯಾ ಎಲ್ಲವನ್ನೂ ಹಳೇದರಿಂದ ಹೊಸದಕ್ಕೆ ನಕಲು ಮಾಡಿದಳು. ಆಮೇಲೆ ನೋಡಬೇಕು ಆ ಕಂಪ್ಯೂಟರನ್ನು! ಗುಂಡಿಯಿಂದ ಬೆರಳು ತೆಗೆಯುವಷ್ಟರಲ್ಲಿ ಎದ್ದು ನಿಲ್ಲುತ್ತಿತ್ತು. ಫೋಟೋಗಳು ಕರೆದ ಕೂಡಲೇ ಬರುತ್ತಿದ್ದವು. ಆಲ್ಬಂ ಭಾನುವಾರಕ್ಕೇ ಮುಗಿದು ಅನಂತರಾಜುವಿಗೆ ಹೋಯಿತು. ಹನುಮಕ್ಕ ಜಗುಲಿಯಲ್ಲಿ ಕೂತು ವನಜಮ್ಮನಿಗೆ ಕಡ್ಡಿಯಿಂದ ಕಂಪ್ಯೂಟರ್ ರಿಪೇರಿ ಮಾಡಿದ ಕಥೆ ಹೇಳುತ್ತಿದ್ದಳು. ಕಪ್ಪು ತೆರೆಯ ಭಾಗ ಬರದಂತೆ ನೋಡಿಕೊಂಡಿದ್ದಳು. ಅಷ್ಟರಲ್ಲಿ ಒಳಗೆ ಫೋನಿನ ಸ್ಪೀಕರಿನಲ್ಲಿ ಅನಂತರಾಜುವಿನ ದನಿ ಕೇಳಿಸಿತು.

"ಸೂಪರ್ ಕಣಮ್ಮ! ಇನ್ಮೇಲೆ ದಿನಾ ಬರೋದೇನೂ ಬೇಡ, ಮನೇಲೇ ಮಾಡು. ವಾರಕ್ಕೊಂದು ದಿನ ಶೆಟ್ಟಿಹಳ್ಳಿಗೆ ಬಂದು ಪಾರ್ಟಿಗಳಿಗೆ ಡಿಸೈನ್ ತೋರ್ಸಿ ಹೋಗು, ಸಾಕು. ಗುರುವಾರ ಇಟ್ಕೊಳ್ಳಣ."

"ಆಗಲಿ ಸಾರ್. ಆಮೇಲೆ ಫೋನ್ ಮಾಡ್ತೀನಿ," ಎಂದಳು ಸಂಧ್ಯಾ. ಅವಳ ದನಿಯಲ್ಲಿ ನಗುವಿತ್ತು.

ಹನುಮಕ್ಕ ವನಜಮ್ಮನನ್ನು ಅಲ್ಲೇ ಬಿಟ್ಟು ಒಳಗೆ ನುಗ್ಗಿದಳು.

"ಗುರುವಾರನಾ? ಇರೋ ಏಳು ದಿನದಲ್ಲಿ ಅವನಿಗೆ ನನ್ನ ಗುರುವಾರನೇ ಕಣ್ಣಿಗೆ ಬಿತ್ತಾ? ನಾನು ಆ ಡಬ್ಬಿ ತಂದಿದ್ದು ನಿನಗೋಸ್ಕರ ಅಂದ್ಕೊಂಡಿದೀಯಾ? ನನ್ನ ಗುರುವಾರಕ್ಕೋಸ್ಕರ ಕಣಮ್ಮಿ! ನೀನು ದಿನಾ ಹೋದ್ರೆ ನಾನು ಈ ಹಸುಗಳ ಬಾಲ ಹಿಡ್ಕೊಂಡು ಬಿದ್ದಿರ್ಬೇಕಾಗ್ತದೆ ಅಂತ ತಂದೆ. ಆ ಒಂದು ದಿನ ಬಸ್ಸು ಹತ್ತಲಿಲ್ಲ ಅಂದ್ರೆ ನಂಗೆ ಹುಚ್ಚು ಹಿಡೀತದೆ."

ಹೇಳಿಬಿಟ್ಟ ಮೇಲೆ ಹನುಮಕ್ಕನಿಗೇ ಗಾಬರಿಯಾಯಿತು. ಇಷ್ಟು ವರ್ಷ ಊರಿನ ಕಾಲುಗಳ ಹಿಂದೆ ಬಚ್ಚಿಟ್ಟಿದ್ದ ಮಾತು ಅದು. ಸಂಧ್ಯಾ ಕುರ್ಚಿಯಿಂದ ಎದ್ದು ನಿಂತಳು. ಬೈಯುತ್ತಾಳೆ ಅಥವಾ ಅಳುತ್ತಾಳೆ ಎಂದುಕೊಂಡರೆ ಎರಡೂ ಮಾಡಲಿಲ್ಲ.

"ನಾನು ಶೆಟ್ಟಿಹಳ್ಳಿಗೆ ಬರ್ತೀನಿ ಅಂದಿದ್ದು ಯಾತಕ್ಕೆ ಅಂದ್ಕೊಂಡ್ರಿ ಅತ್ತೆ? ಕೆಲಸಕ್ಕಾ? ನಾನೂ ಬಸ್ಸಿಗೇ. ಮದುವೆಗೆ ಮುಂಚೆ ದಿನಾ ಗುಬ್ಬಿ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಹೋಗ್ತಿದ್ದೆ. ಇಲ್ಲಿಗೆ ಬಂದ ಮೇಲೆ ಡೈರಿ ಬಿಟ್ರೆ ಎಲ್ಲಿಗೆ ಹೋಗಿದೀನಿ ಹೇಳಿ? ಬೋರ್ಡಿನ ಹೆಸರು ನಾನು ಬೇಕಂತಲೇ ನೋಡ್ಲಿಲ್ಲ. ನೀವು ಆ ಡಬ್ಬಿ ತಂದು ಮುಂದೆ ಇಟ್ರಲ್ಲ, ಅವತ್ತು ನನ್ನ ಬಸ್ಸು ಹೋಯ್ತು ಅಂತ ಅನ್ನಿಸ್ತು."

ಹನುಮಕ್ಕನಿಗೆ ಅವತ್ತು ಇಳಿದುಹೋದ ಸೊಸೆಯ ಮುಖ ನೆನಪಾಯಿತು. ಅದನ್ನು ಸಂತೋಷವೆಂದುಕೊಂಡಿದ್ದಳಲ್ಲ ತಾನು! ಯಾರ ಪಾದ ಎಷ್ಟುದ್ದವೆಂದು ಬಲ್ಲವಳು, ಒಂದೇ ಒಲೆಯ ಮುಂದೆ ಕೂರುವ ಹುಡುಗಿಗೆ ಏನು ಬೇಕೆಂದು ಒಂದು ದಿನವೂ ನೋಡಿರಲಿಲ್ಲ. ಹನುಮಕ್ಕನಿಗೆ ನಾಚಿಕೆಯಾಯಿತು. ಹಾಗೆಂದು ಗುರುವಾರವನ್ನು ಬಿಟ್ಟುಕೊಡುವ ಮನಸ್ಸೂ ಆಗಲಿಲ್ಲ. ಎರಡನ್ನೂ ಒಟ್ಟಿಗೆ ಹೊಟ್ಟೆಯಲ್ಲಿಟ್ಟುಕೊಂಡು ಕಂಪ್ಯೂಟರ್ ಪೆಟ್ಟಿಗೆಯ ಕಡೆ ನೋಡಿದಳು. ಆಮೇಲೆ ಕೈ ಚಾಚಿದಳು.

"ಕೊಡಿಲ್ಲಿ ಫೋನು. ಆ ಅನಂತರಾಜುಗೆ ಮಾಡು."

ಸಂಧ್ಯಾ ಹೆದರಿಕೊಂಡೇ ನಂಬರ್ ಒತ್ತಿ ಕೊಟ್ಟಳು.

"ನಾನಪ್ಪ, ಸಂಧ್ಯಾ ಅತ್ತೆ. ಗುರುವಾರ ಆಗಲ್ಲ."

"ಯಾಕಮ್ಮ? ಪಾರ್ಟಿಗಳಿಗೆ ಆಗಲೇ ಹೇಳೋಣ ಅಂತಿದ್ದೆ..."

"ಆ ಪೋರ್ಟು ಆಫ್ ಆಗೈತೆ. ಅದ್ರಲ್ಲಿ ನಾನು ಕೂತಿದೀನಿ. ಅವಳನ್ನ ಸೋಮವಾರಕ್ಕೆ ಚುಚ್ಕೋ."

ಅನಂತರಾಜು, ಸೋಮವಾರವಾದರೆ ಸೋಮವಾರ, ತನಗೇನೂ ತೊಂದರೆಯಿಲ್ಲ ಎಂದ. ಸಂಧ್ಯಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ಸೋಮವಾರ ಹಸು ನಾನು ನೋಡ್ತೀನಿ, ಗುರುವಾರ ನೀನು ನೋಡು," ಎಂದಳು ಹನುಮಕ್ಕ ಫೋನು ಕೊಡುತ್ತ. "ಕಿಟಕಿ ಸೀಟು ಬೇಕು ಅಂದ್ರೆ ಬಸ್ಸು ತಿರುಗಿಸ್ಕೊಳ್ಳೋ ಹೊತ್ತಿಗೇ ಹೋಗಿ ನಿಂತಿರ್ಬೇಕು. ಆಮೇಲೆ ಹೋದ್ರೆ ಸಿಗಲ್ಲ."

ಸೋಮವಾರ ಬೆಳಗ್ಗೆ ಹನುಮಕ್ಕ ಹಸುಗಳನ್ನು ಕರೆದು ಒಳಗೆ ಬರುವಷ್ಟರಲ್ಲಿ ಸಂಧ್ಯಾ ಹಸಿರು ಸೀರೆಯುಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ನಿಂತಿದ್ದಳು. ಎರಡು ಸಲ ಹೊರಗೆ ಹೋಗಿ ಮತ್ತೆ ಒಳಗೆ ಬಂದಿದ್ದಳು.

"ಅತ್ತೆ, ಬರ್ತಾ ಒಂದು ಜೊತೆ ಚಪ್ಪಲಿ ತಗೊಳ್ಳೋಣ ಅಂತ ಇದೀನಿ. ಆ ಕೆಂಪು ದಾರದ ಕಡ್ಡಿ ಕೊಡಿ."

ಹನುಮಕ್ಕ ಕೈ ಎತ್ತಿ ಸೂರಿಗೆ ಸಿಕ್ಕಿಸಿದ್ದ ಕಡ್ಡಿಗಳ ಕಟ್ಟಿನಿಂದ ಕೆಂಪು ದಾರದ್ದನ್ನು ತೆಗೆದಳು. ಸಂಧ್ಯಾ ಈ ಮನೆಗೆ ಬಂದ ಹೊಸದರಲ್ಲಿ ಇದೇ ಜಗುಲಿಯ ಮೇಲೆ ಕಾಲು ಚಾಚಿ ಅಳತೆ ಕೊಟ್ಟಿದ್ದಳು. ಅಂದಿನಿಂದ ಅವಳ ಚಪ್ಪಲಿಗಳೆಲ್ಲ ಈ ಕಡ್ಡಿಯ ಜೊತೆಗೇ ತುಮಕೂರು ನೋಡಿ ಬಂದಿದ್ದವು. ಹನುಮಕ್ಕ ಕಡ್ಡಿಯನ್ನು ಸೊಸೆಯ ಕಡೆ ಚಾಚಿದವಳು, ಅರ್ಧದಲ್ಲೇ ನಿಲ್ಲಿಸಿದಳು.

"ಕಾಲೇ ಅಂಗಡಿಗೆ ಹೋಗ್ತಾ ಇರೋವಾಗ ಕಡ್ಡಿ ಯಾಕಮ್ಮಿ?"

ಸಂಧ್ಯಾ ತಲೆ ತಗ್ಗಿಸಿ ತನ್ನ ಪಾದಗಳನ್ನೇ ನೋಡಿಕೊಂಡಳು. ಅವಳ ಕಣ್ಣು ತುಂಬಿತು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಓಡು, ಕಿಟಕಿ ಹೋಗ್ತದೆ!" ಎಂದು ಹನುಮಕ್ಕ ಕೂಗಿದಳು.

ಸೊಸೆ ಸೀರೆಯ ನೆರಿಗೆ ಎತ್ತಿ ಹಿಡಿದು ತೋಟದ ದಾರಿಯಲ್ಲಿ ಓಡಿದಳು. ಬಸ್ಸು ನಿಂತು, ಹೊರಟು, ಧೂಳು ಇಳಿಯುವವರೆಗೆ ಹನುಮಕ್ಕ ಜಗುಲಿಯ ಮೇಲೆ ನಿಂತೇ ಇದ್ದಳು. ಆಮೇಲೆ ಕೆಂಪು ದಾರವನ್ನು ಬಿಚ್ಚಿ ಗೂಟಕ್ಕೆ ಸುತ್ತಿ, ಕಡ್ಡಿಯನ್ನು ಒಲೆಗೆ ಹಾಕಿದಳು. ಕೊಟ್ಟಿಗೆಯಲ್ಲಿ ಹಸು ಕೂಗಿತು.

"ಬಂದೆ ಇರೇ," ಎನ್ನುತ್ತ ಹನುಮಕ್ಕ ಹುಲ್ಲಿನ ಕಡೆ ನಡೆದಳು. ಗುರುವಾರ ಇನ್ನೂ ದೂರವಿತ್ತು.